ಬಿಯರ್ ಬಾಟ್ಲಿಯ ಮೇಲೆ ಅವಳ ಹೆಸರು

"ಅಯ್ಯೋ, ಏನ್ರೀ ಮಾಡ್ತಿದ್ದೀರಿ? ಮೊದ್ಲು ಬಕೀಟಿನಿಂದ ಮೂಗು ತೆಗೀರಿ!"

ಶಿವಲೀಲಾ ಸೌಟು ಎತ್ತಿಯೇ ಬಿಟ್ಟಿದ್ದಳು. ಹೊನ್ನಾಳಿ ಬಸ್‌ಸ್ಟ್ಯಾಂಡ್ ಪಕ್ಕ ಅವಳ ಪಡ್ಡಿನ ಗಾಡಿ. ತಿನ್ನಲು ಬಂದವನು ತಟ್ಟೆ ಹಿಡಿಯಬೇಕಲ್ಲವೇ? ಈ ಮಹಾಶಯ ಹಿಟ್ಟಿನ ಬಕೀಟಿಗೆ ಮುಖ ತೂರಿಸಿ ವಾಸನೆ ಎಳೆಯುತ್ತಿದ್ದ!

"ಬಾಳೆಹಣ್ಣಿನ ವಾಸನೆ ಬರ್ತೈತೆ... ಬಾಳೆಹಣ್ಣು ಹಾಕ್ತೀರೇನ್ರೀ?"

"ಅಕ್ಕಿ, ಉದ್ದು, ಮೆಂತ್ಯ. ಅಷ್ಟೇ. ತಿನ್ನಾದಿದ್ರೆ ತಿನ್ರಿ, ಇಲ್ಲಾಂದ್ರೆ ದಾರಿ ಬಿಡ್ರಿ."

ಅವನು ನಕ್ಕ. ಅವಳ ಕೋಪ ಎಲ್ಲಿಗೆ ಹೋಯಿತೋ!

ಹೆಸರು ರುದ್ರಮುನಿ. ಚನ್ನಗಿರಿಯವನು. ಹೊನ್ನಾಳಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ಅತಿಥಿ ಉಪನ್ಯಾಸಕ. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ಬಂದ. "ಮೇಷ್ಟ್ರೇ" ಎನ್ನುವಾಗ ಅವಳ ದನಿ ಮೆತ್ತಗಾಗುವುದನ್ನು ಪಕ್ಕದಲ್ಲಿ ಹೂ ಮಾರುವ ಚೌಡಕ್ಕ ಗಮನಿಸದೆ ಇರುತ್ತಾಳೆಯೇ?

ಹಿಂದಿನ ದಿನದ ಹಿಟ್ಟಿನಲ್ಲಿ ಒಂದು ಸೌಟು ಉಳಿಸಿ, ಹೊಸ ಹಿಟ್ಟಿಗೆ ಹೆಪ್ಪಾಗಿ ಬೆರೆಸುವುದು ಶಿವಲೀಲಾಳ ತೀರಿಹೋದ ಅವ್ವನ ಪದ್ಧತಿ. ಆ ಹೆಪ್ಪನ್ನು ಹೊರಗಿನವರಿಗೆ ಕೊಡಬಾರದು. ಆದರೂ ರುದ್ರಮುನಿ "ಮೈಕ್ರೋಸ್ಕೋಪಿನಾಗೆ ನೋಡ್ತೀನಿ, ಒಂಚೂರು ಕೊಡ್ರಿ" ಎಂದಾಗ ಡಬ್ಬಿ ತುಂಬಿ ಕೊಟ್ಟಳು. ಅವನು ಇನ್ನು ಹೊರಗಿನವನೇ? ಮುಂದಿನ ತಿಂಗಳ ಒಂದು ಸೋಮವಾರ ಅವನ ತಾಯಿ ಅನ್ನಪೂರ್ಣಮ್ಮ ಅವಳನ್ನು ನೋಡಲು ಬರುವವರಿದ್ದರು!

ಆ ಸೋಮವಾರಕ್ಕೆ ಎರಡು ದಿನ ಇರುವಾಗ, ಶನಿವಾರ ಮಧ್ಯಾಹ್ನ ಬಿಸಿ ಪಡ್ಡು ಕಟ್ಟಿಕೊಂಡು ಅವನ ಬಾಡಿಗೆ ರೂಮಿಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ದೊಡ್ಡ ಸ್ಟೀಲ್ ಕ್ಯಾನು, ಪೈಪು, ಸಾಲಾಗಿ ಕಂದು ಬಾಟ್ಲಿಗಳು. ಒಂದೊಂದರ ಮೇಲೂ ಚೀಟಿ, ಅವನದೇ ದುಂಡು ಅಕ್ಷರ:

'ಶಿವಲೀಲಾ ಬಿಯರ್. ಪಡ್ಡಿನ ಯೀಸ್ಟ್.'

ಅವಳು ಚೀಟಿ ಓದುತ್ತಿದ್ದಂತೆಯೇ ರುದ್ರಮುನಿ ಬಚ್ಚಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ.

"ಏನ್ರೀ ಇದು, ಮೇಷ್ಟ್ರೇ?"

"ಓ, ನೋಡೇಬಿಟ್ರಾ? ಸೋಮವಾರ ಹೇಳೋಣ ಅಂತಿದ್ದೆ! ಮನೇಲೇ ಬಿಯರ್ ಮಾಡೋ ಹುಚ್ಚು ನನಗೆ. ನಿಮ್ಮ ಹಿಟ್ಟನ್ನ ಉಬ್ಬಿಸೋ ಯೀಸ್ಟ್ ಬ್ಯಾರೇನೇ ಜಾತೀದು ಕಣ್ರೀ! ಬಾರ್ಲಿ ರಸಕ್ಕೆ ಹಾಕಿದ್ರೆ ಬಾಳೆಹಣ್ಣಿನ ಘಮ ಬರ್ತೈತೆ. ಬಾರ್ಲಿ ಸಕ್ಕರೇನ ಅದು ಪೂರ್ತಿ ತಿನ್ನಲ್ಲ, ಅದಕ್ಕೆ ನಶೆನೂ ಭಾಳ ಕಮ್ಮಿ. ಇಂಥದ್ದು ಸಿಕ್ರೆ ಹೆಸರು ಇಡ್ತಾರೆ, ಅದಕ್ಕೇ ನಿಮ್ಮ..."

"ಹೆಂಡಕ್ಕೆ ನನ್ನ ಹೆಸರಾ?"

ಅವನ ನಗು ಮಾಯವಾಯಿತು.

"ಜಗಳೂರಿನ ಬ್ರಾಂಡಿ ಅಂಗಡಿ ಮುಂದೆ ಬಿದ್ದಿರ್ತಿದ್ದ ಅಪ್ಪನ್ನ ಎಬ್ಬಿಸ್ಕೊಂಡು ಬರ್ತಿದ್ದೋಳು ನಾನು! ಎಂಟನೇ ಕ್ಲಾಸಿನಾಗೆ! ಅವ್ವನ ಹೆಪ್ಪು ನಿಮಗೆ ಕೊಟ್ಟಿದ್ದು ಇದಕ್ಕಾ?"

ಪಡ್ಡಿನ ಡಬ್ಬಿಯನ್ನು ಹೊಸ್ತಿಲ ಮೇಲೇ ಬಿಟ್ಟು ಹೊರಟುಹೋದಳು.

ಭಾನುವಾರ ಗಾಡಿ ಹಾಕಲಿಲ್ಲ. 'ಅವ್ವ ಸವೆದ ಹಾಗೆ ನಾನೂ ಸವೆಯಬೇಕೇ? ಗೊತ್ತಿದ್ದೂ ಗೊತ್ತಿದ್ದೂ ಅದೇ ಬಾವಿಗೆ ಬೀಳಲೇ?' ಎಂದು ಅತ್ತಳು. ಅಷ್ಟು ಅತ್ತರೂ ಅವನ ಮೇಲಿನ ಆಸೆ ಸಾಯಲಿಲ್ಲವಲ್ಲ, ಅದೇ ದೊಡ್ಡ ಸಂಕಟ.

"ನಾಳೆ ಬರೋರಿಗೆ ಏನ್ ಹೇಳಾದವ್ವ?" ಎಂದು ಚೌಡಕ್ಕ ಕೇಳಿದಳು.

"ಬರಬ್ಯಾಡ್ರಿ ಅಂತ ಹೇಳು."

ಸೋಮವಾರ ಬೆಳಿಗ್ಗೆ ರುದ್ರಮುನಿ ಒಬ್ಬನೇ ಗಾಡಿಯ ಮುಂದೆ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ.

"ಅಮ್ಮನ್ನ ನಾನೇ ನಿಲ್ಲಿಸಿದೆ. ಮೊದ್ಲು ನೀವು ನನಗೆ ಬೈದು ಮುಗಿಸ್ರಿ."

ಅವಳು ತಲೆ ಎತ್ತದೆ ಪಡ್ಡು ಮಗುಚಿದಳು. ಎರಡು ಸೀದೇ ಹೋಗಿದ್ದವು.

"ಕುಡೀತೀರಾ?"

ಅವನು 'ಇಲ್ಲ' ಎಂದುಬಿಡಬಹುದಿತ್ತು. ಯಾರು ನೋಡಿದ್ದರು?

"ಕುಡೀತೀನಿ. ಭಾನುವಾರ ಒಂದು ಗ್ಲಾಸು. ನಿಮಗೆ ಹೇಳಾಕೆ ಧೈರ್ಯ ಬರಲಿಲ್ಲ."

ಅವಳ ಕಣ್ಣು ತುಂಬಿ ಬಂತು. ನಿಲ್ಲಲಾರದೆ ತೂರಾಡುವಾಗಲೂ ಅಪ್ಪ 'ಒಂದ್ ಹನಿ ಮುಟ್ಟಿಲ್ಲ ಮಗಾ' ಎಂದು ಅವಳ ತಲೆ ಮುಟ್ಟಿ ಆಣೆ ಇಡುತ್ತಿದ್ದ. ಸಾಯುವ ತನಕ ಒಂದು ದಿನವೂ ಒಪ್ಪಿಕೊಳ್ಳಲಿಲ್ಲ. ಇವನೋ, ತಾನು ಬೇಡವಾಗುತ್ತೇನೆಂದು ಗೊತ್ತಿದ್ದೂ ನಿಜ ಹೇಳಿದ್ದ!

"ನಶೆ ಕಮ್ಮಿ ಆದ್ರೆ ತಪ್ಪೂ ಕಮ್ಮಿ ಆಗ್ತೈತಾ?"

"ಇಲ್ಲ. ನಿಮ್ಮ ಅವ್ವನ ಹೆಪ್ಪು, ನಿಮ್ಮ ಹೆಸರು... ಎರಡನ್ನೂ ಕೇಳದೆ ಬಳಸಿದೆ. ಚೀಟಿ ಎಲ್ಲಾ ಕಿತ್ತು ಹಾಕಿದೀನಿ. ಬಿಯರ್ ಇನ್ನೂ ಐತೆ, ಚೆಲ್ಲಿದೆ ಅಂತ ಸುಳ್ಳು ಹೇಳಲ್ಲ. ನೀವು ಚೆಲ್ಲು ಅಂದ್ರೆ ಚೆಲ್ತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಚೆಲ್ರಿ. ಆ ಕ್ಯಾನು ನಮ್ಮನೆ ಹೊಸ್ತಿಲು ದಾಟಬಾರದು."

"ನಮ್ಮನೆ...? ನಮ್ಮನೆ ಅಂದ್ರಾ?"

ಚೌಡಕ್ಕ ಹೂ ಕಟ್ಟುವುದನ್ನು ಬಿಟ್ಟು ಬಾಯಿ ಮುಚ್ಚಿ ನಕ್ಕಳು. ಶಿವಲೀಲಾಳ ಕೆನ್ನೆ ಕೆಂಪಾಯಿತು, ಆದರೆ ದನಿ ಬಿಗಿಯಾಗಿಯೇ ಇತ್ತು.

"ಇನ್ಮ್ಯಾಲೆ ನನ್ನ ಕೇಳದೆ ನನ್ನ ಹೆಸರು ಎಲ್ಲೂ ಬರೀಬ್ಯಾಡ್ರಿ."

"ಲಗ್ನಪತ್ರಿಕೇಲಿ?"

"ಅದಕ್ಕೂ ಕೇಳ್ಬೇಕು."

"ಕೇಳ್ತಿದ್ದೀನಿ, ಶಿವಲೀಲಾ..."

"ಬರೀರಿ."