ಅದೋ, ಅವನೋ

"‘ಅವನು’ ಅಲ್ಲ ನಸೀಬಾ, ‘ಅದು’ ಅಂತ ಹಾಕು," ಎಂದ ಸುಶಾಂತ್, ಅವಳ ಸ್ಕ್ರೀನಿನ ಕಡೆ ಬಗ್ಗಿ.

"ಎಂತ ಮಾರಾಯ, ಕೊನೇ ದಿನವೂ ತಪ್ಪು ಹುಡುಕ್ತೀಯಾ?"

ನಕ್ಕಳು. ಕೊಲ್ಲಿ ನಾಡಿನ ಒಲಾಯಾದ ಈ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಇಬ್ಬರೂ ಅಕ್ಕಪಕ್ಕ ಕೂತು ವಿಡಿಯೋ ಪಾಠಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಮರಳಲು ಅವನ ಎಕ್ಸಿಟ್ ವೀಸಾ ಆಗಿತ್ತು, ಸಂಜೆ ವಿಮಾನ. ಉಡುಪಿಯ ಅವನ ಮನೆಯವರೂ ಉಳ್ಳಾಲದ ಇವಳ ಮನೆಯವರೂ ಪರಸ್ಪರ ಮುಖ ಕಂಡವರಲ್ಲ. ಆದರೂ ಇವರಿಬ್ಬರ ಮದುವೆ ಬೇಡ ಎನ್ನುವುದರಲ್ಲಿ ಎಷ್ಟು ಚೆನ್ನಾಗಿ ಒಂದಾಗಿದ್ದರು! ಮುಂದಿನ ತಿಂಗಳು ಅವನಿಗೆ ಬೇರೆ ಹುಡುಗಿಯೊಡನೆ ಮದುವೆ.

ಸ್ಕ್ರೀನಿನಲ್ಲಿ ಹಳೆಯ ಪ್ರವಾದಿಯೊಬ್ಬನ ಮಾತು ನಿಂತಿತ್ತು. ತಡವಾದರೂ ಕಾಯಬೇಕು, ಅವನು ಬಂದೇ ಬರುತ್ತಾನೆ ಎಂದು ಅವಳು ಬರೆದಿದ್ದ ಸಾಲು.

"ಮೃತ ಸಮುದ್ರದ ಹತ್ತಿರ ಇದ್ದ ಯಹೂದಿಗಳು ಇದನ್ನು ಲೋಕದ ಕೊನೆಗೆ ದೇವರು ಇಟ್ಟ ಗಳಿಗೆ ಅಂತ ಓದಿದ್ದು. ಅದು ಬರ್ಲೇ ಇಲ್ಲ. ಆಗ ಎಂತ ಬರೆದ್ರು ಗೊತ್ತುಂಟಾ? ಪ್ರವಾದಿ ಹೇಳಿದ್ದಕ್ಕಿಂತ ಕಾಲ ಉದ್ದ ಉಂಟು, ಆಸೆ ಬಿಡಬೇಡಿ ಅಂತ," ಎಂದ ಸುಶಾಂತ್.

"ಮತ್ತೆ ಕ್ರೈಸ್ತರು?"

"ಅವರು ಓದಿದ್ದು ಗ್ರೀಕ್ ಅನುವಾದ. ಅದರಲ್ಲಿ ‘ಅವನು’ ಆಗಿತ್ತು. ಬರುವವನು ಬಂದೇ ಬರ್ತಾನೆ ಅಂತ ಕಾದ್ರು. ಈ ಪಾಠ ಯಹೂದಿಗಳದ್ದು, ಹಾಗಾಗಿ ‘ಅದು’."

"ಕಾಯುವವರಿಗೆ ‘ಅವನು’ ಅಂದ್ರೇನೇ ಚಂದ," ಎಂದು ಗೊಣಗುತ್ತಲೇ ತಿದ್ದಿದಳು.

ಅವನು ಅವಳನ್ನೇ ನೋಡಿದ. ಸ್ಕಾರ್ಫಿನ ಅಂಚಿನಿಂದ ತಪ್ಪಿಸಿಕೊಂಡ ಕೂದಲೆಳೆಯ ಮೇಲೆ ಕಣ್ಣು ಒಂದು ಕ್ಷಣ ನಿಂತು, ನಾಚಿ ಸರಿಯಿತು. ನಾಲ್ಕು ವರ್ಷವೂ ಹೀಗೆಯೇ, ಮುಟ್ಟಿದ್ದು ನೋಟ ಮಾತ್ರ.

ಬ್ಯಾಗ್ ಹೆಗಲಿಗೇರಿಸಿದ. "ಸರಿ ಹಾಗಾದ್ರೆ. ಬರ್..."

"ಬೇಡ!" ನಸೀಬಾ ಎದ್ದು ನಿಂತಳು. "ಬರ್ತೇನೆ ಅನ್ನಬೇಡ. ದಿನಾ ಹಾಗೆ ಹೇಳ್ತಿದ್ದಿ, ಮರುದಿನ ಬರ್ತಿದ್ದಿ. ಇವತ್ತೂ ಹೇಳಿದ್ರೆ ನಾನು ಕಾಯ್ತಾ ಕೂರ್ತೇನೆ. ನನ್ನ ಬುದ್ಧಿ ನನಗೆ ಗೊತ್ತುಂಟು. ‘ಹೋಗ್ತೇನೆ’ ಅನ್ನು, ಒಂದೇ ಸಲ."

"ಹೊರಡುವಾಗ ಹಾಗೆ ಹೇಳಬಾರದಲ್ವಾ..."

"ಅನ್ನು ಸುಶಾಂತ್."

ಲಿಫ್ಟಿನ ತನಕ ಒಟ್ಟಿಗೆ ನಡೆದರು. ಅವನ ಕಣ್ಣು ತುಂಬಿತ್ತು. ಒಳಗೆ ಹೋಗಿ, ತಿರುಗಿ ನಿಂತು, ಅವಳು ಕೇಳಿದ್ದನ್ನು ಕೊಟ್ಟ.

"ಹೋಗ್ತೇನೆ."

ಅವಳ ಎದೆ ಒಡೆಯಿತು. ಬಾಗಿಲು ಮುಚ್ಚುತ್ತಿತ್ತು. ಹೊರಟವರಿಗೆಲ್ಲ ಹೇಳಿ ಹೇಳಿ ಅಭ್ಯಾಸವಾಗಿದ್ದ ನಾಲಿಗೆ, ಅವಳನ್ನು ಕೇಳದೆಯೇ ಹೇಳಿಬಿಟ್ಟಿತು.

"ಹೋಗಿ ಬಾ."