ಸೊನ್ನೆ ತೋರಿಸಿದ ಪವರ್ ಸ್ವಿಚ್

ಬೆಳಗ್ಗೆ ಹನ್ನೊಂದೂ ನಲವತ್ತಕ್ಕೆ ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳೆಲ್ಲ ಕಲಸುಮೇಲೋಗರವಾದವು. ಮೂರು ಸಾವಿರ ರೋಗಿಗಳ ಕಡತ. ಸಂಜೆಯೊಳಗೆ, ಆಗ ಪಾಳಿಯಲ್ಲಿದ್ದ ಕಂಪ್ಯೂಟರ್ ಆಪರೇಟರಮ್ಮನನ್ನು ಮನೆಗೆ ಕಳಿಸಿದರು. ಬೇಕೆಂದೇ ಮಾಡಿದ್ದಾರೆ ಎಂದು ಪೊಲೀಸ್ ದೂರೂ ಸಿದ್ಧವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಎಷ್ಟು ಹೊತ್ತು?

ತನಿಖೆಗೆ ಬಂದವಳು ಮುಖ್ಯ ಕಚೇರಿಯ ಇಂಜಿನಿಯರ್. ಇಲ್ಲಿನ ಸರ್ವರ್ ಕೋಣೆ ನೋಡಿಕೊಳ್ಳುವವರು ಅವಳ ಭಾವ, ತೀರಿಹೋದ ಅಕ್ಕನ ಗಂಡ. ಸಂಬಂಧಿಕರು ತನಿಖೆ ಮಾಡಬಾರದು, ನಿಜ. ಆದರೆ ಈ ವಿದ್ಯೆ ಬಲ್ಲವರು ಸಂಸ್ಥೆಯಲ್ಲಿ ಇಬ್ಬರೇ. ಇನ್ನೊಬ್ಬರು ಭಾವನೇ.

ಅಕ್ಕ ಹೋಗಿ ಎರಡು ವಾರವಾಗಿತ್ತು. ಭಾವ ಟೀ ತಂದುಕೊಟ್ಟರು. ಅಂಗಿಯ ಗುಂಡಿ ಅಡ್ಡಾದಿಡ್ಡಿ.

"ಆಪರೇಟರಮ್ಮನೇ ಅಂತೀರಾ, ಭಾವ?"

"ಎಲ್ರೂ ಹಾಗೇ ಅಂತಿದ್ದಾರೆ, ಪುಟ್ಟಿ."

"ನಾನು ನಿಮ್ಮನ್ನ ಕೇಳಿದ್ದು."

ಭಾವ ಲೋಟ ತೆಗೆದುಕೊಂಡು ಹೊರಗೆ ಹೋದರು.

* * *

ವ್ಯವಸ್ಥೆ ಸರಳ. ಎರಡು ಸರ್ವರ್, ಎರಡಕ್ಕೂ ಸೇರಿ ಚಿತ್ರಗಳಿರುವ ಒಂದೇ ಡಿಸ್ಕ್ ಪೆಟ್ಟಿಗೆ. ಒಂದು ಸರ್ವರ್ ಉತ್ತರ ಕೊಡದಿದ್ದರೆ ಇನ್ನೊಂದು ಮೊದಲು, ಎರಡಕ್ಕೂ ಕರೆಂಟು ಹಂಚುವ ಪವರ್ ಸ್ವಿಚ್ಚಿಗೆ ಹೇಳಿ ಅದರ ಕರೆಂಟು ತೆಗೆಸಬೇಕು. ಆಮೇಲೆಯೇ ಡಿಸ್ಕ್ ಮುಟ್ಟಬೇಕು. ಇಲ್ಲದಿದ್ದರೆ ಇಬ್ಬರು ಒಂದೇ ಹಾಳೆಯ ಮೇಲೆ ಒಟ್ಟಿಗೆ ಗೀಚಿದಂತೆ.

ಅವಳಿಗೆ ಮೊದಲು ಡಿಸ್ಕ್ ಪೆಟ್ಟಿಗೆಯ ಮೇಲೆಯೇ ಅನುಮಾನ. ಒಂದೊಂದಾಗಿ ಓದಿಸಿದಳು. ಎಲ್ಲ ಗಟ್ಟಿಮುಟ್ಟು. ಬಳಿಕ ಆಪರೇಟರಮ್ಮ ಕೊಟ್ಟ ಆದೇಶಗಳ ದಾಖಲೆ ತೆರೆದಳು. ಆ ಹೊತ್ತಿನಲ್ಲಿ ಒಂದೂ ಇಲ್ಲ. ಮೊದಲನೆಯದರಿಂದ ಕ್ಷಣಕಾಲ ಉತ್ತರ ಬಾರದೆ ಎರಡನೇ ಸರ್ವರ್ ತಾನಾಗಿಯೇ 'ಕರೆಂಟು ತೆಗೆ' ಎಂದಿತ್ತು. ಸ್ವಿಚ್ಚು 'ತೆಗೆದೆ' ಎಂದಿತ್ತು. ಆದರೂ ಮೊದಲನೆಯದು ಬರೆಯುತ್ತಲೇ ಇತ್ತು.

ಯಾವ ಸಾಕೆಟ್ಟಿನಲ್ಲಿ ಎಷ್ಟು ಕರೆಂಟು ಹರಿಯಿತೆಂದು ಸ್ವಿಚ್ಚು ಗುರುತಿಟ್ಟುಕೊಳ್ಳುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಅವಳು ನೋಡಿದಳು. ಮೊದಲ ಸರ್ವರಿನ ಸಾಕೆಟ್ಟುಗಳಲ್ಲಿ ಇಪ್ಪತ್ತಮೂರು ದಿನ ಸೊನ್ನೆ. ಅನಾಹುತವಾಗಿ ಹತ್ತು ನಿಮಿಷಕ್ಕೆ ಒಮ್ಮೆಲೇ ಕರೆಂಟು.

ಇಪ್ಪತ್ತಮೂರು ದಿನದ ಹಿಂದೆ ತಿಂಗಳ ಪರೀಕ್ಷೆ ನಡೆದಿತ್ತು. 'ಕರೆಂಟು ತೆಗೆದು ಪರಿಶೀಲಿಸಲಾಗಿದೆ.' ಕೆಳಗೆ ಭಾವನ ಸಹಿ. ತಾರೀಕನ್ನು ಅವಳು ಎರಡು ಸಲ ಓದಿದಳು. ಅಂದು ಅಕ್ಕನಿಗೆ ಇದೇ ಆಸ್ಪತ್ರೆಯಲ್ಲಿ ಕೊನೆಯ ರೇಡಿಯೇಷನ್.

* * *

"ಅವತ್ತಿಂದ ಮೊದಲ ಸರ್ವರಿನ ತಂತಿ ಸ್ವಿಚ್ಚಲ್ಲಿ ಇರಲಿಲ್ಲ, ಭಾವ. ನೇರ ಗೋಡೇಲಿತ್ತು," ಎಂದಳು. "ಸ್ವಿಚ್ಚು ಖಾಲಿ ಸಾಕೆಟ್ ಆರಿಸಿ ತೆಗೆದೆ ಅಂತು. ಎಲ್ಲ ಹಾಳಾದ ಮೇಲೆ ಯಾರೋ ತಂತಿ ವಾಪಸ್ ಹಾಕಿದ್ದಾರೆ. ಸರ್ವರ್ ಇಟ್ಟಿರೋ ಆ ರ್ಯಾಕಿನ ಬೀಗದ ಕೈ ಆಪರೇಟರಮ್ಮನ ಹತ್ರ ಇಲ್ಲ. ಇರೋದು ನಿಮ್ಮೊಬ್ಬರ ಹತ್ರ."

ಭಾವ ಕುರ್ಚಿ ಎಳೆದುಕೊಂಡು ಕೂತರು.

"ಪರೀಕ್ಷೆ ಏಳಕ್ಕೆ ತಾನಾಗೇ ನಡೆಯುತ್ತೆ, ಚಿಕಿತ್ಸೆ ದಿನಾ ಶುರುವಾಗೋದು ಎಂಟಕ್ಕೆ. ಅವತ್ತು ಅವಳಿಗೆ ನೋವು ತಡೆಯೋಕಾಗ್ತಿಲ್ಲ ಅಂತ ಡಾಕ್ಟರು ಏಳಕ್ಕೇ ಕರೆದ್ರು. ಕರೆಂಟು ತೆಗೆದ್ರೆ ಯಂತ್ರಕ್ಕೆ ಸ್ಕ್ಯಾನ್ ಚಿತ್ರ ಸಿಗದೆ ಹನ್ನೆರಡು ನಿಮಿಷದ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತೆ. ಆ ಗಟ್ಟಿ ಮೇಜಿನ ಮೇಲೆ ಮತ್ತೆ ಮೊದಲಿಂದ ಮಲಗಬೇಕು. ನನ್ನ ಕೈಲಾಗಲಿಲ್ಲ, ಪುಟ್ಟಿ. ಸರ್ವರ್ ಆರದ ಹಾಗೆ ಅದರ ಎರಡು ತಂತೀನೂ ಒಂದೊಂದಾಗಿ ಗೋಡೆಗೆ ಹಾಕಿದೆ. ಮಧ್ಯಾಹ್ನ ಸರಿಮಾಡೋಣ ಅಂದ್ಕೊಂಡೆ."

"ಮಧ್ಯಾಹ್ನ ಅಕ್ಕನಿಗೆ ಪ್ರಜ್ಞೆ ಹೋಯ್ತು."

"ಆಮೇಲಿನದು ನಂಗೆ ನೆನಪೇ ಇಲ್ಲ."

"ಮರೆತಿದ್ದು ಇರಲಿ, ಭಾವ. ಆಪರೇಟರಮ್ಮ ಅಳ್ತಾ ಹೋಗುವಾಗ ಸುಮ್ನಿದ್ರಲ್ಲ?"

ಭಾವ ಬೀಗದ ಕೈ ತೆಗೆದು ಅವಳ ಮುಂದಿಟ್ಟರು.

ಅವಳು ವರದಿ ತೆರೆದಳು. ಕಾರಣ ಬರೆಯುವ ಜಾಗಕ್ಕೆ ಬಂದಾಗ ಭಾವ ತಡೆದರು.

"ಅಲ್ಲಿ ನಿನ್ನ ಅಕ್ಕನ ಹೆಸರು ಬೇಡ. ಅವಳಿಂದ ಹೀಗಾಯ್ತು ಅಂತ ಯಾರೂ ಓದಬಾರದು."

ಅವಳಿಗೆ ಅಳು ಉಕ್ಕಿತು. ಹೆಂಡತಿಗೆ ಹನ್ನೆರಡು ನಿಮಿಷ ನೋವು ಹೆಚ್ಚಾಗದಿರಲಿ ಎಂದವರ ಹೆಸರಿನ ಮುಂದೆ 'ಕರ್ತವ್ಯಲೋಪ' ಎಂದು ಬರೆದಳು. ಬೇರೇನೂ ಬರೆಯಲಿಲ್ಲ. ಆಮೇಲೆ ಮುಖ ಒರೆಸಿಕೊಂಡು ಆಪರೇಟರಮ್ಮನಿಗೆ ಫೋನ್ ಮಾಡಿದಳು. ನಾಳೆ ಕೆಲಸಕ್ಕೆ ಬನ್ನಿ ಎಂದಳು.