ರವಿಕುಮಾರನಾದ ತಿಪ್ಪಯ್ಯ

ಹೆಸರು ಕೇಳಿದಾಗ ಅವನು ಮೊದಲು ಬಾಗಿಲ ಕಡೆ ನೋಡಿದ, ಯಾರೋ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರಬಹುದು ಎನ್ನುವ ಹಾಗೆ.

ಎಂಬತ್ತಾರನೇ ಇಸವಿಯ ಜೂನ್ ತಿಂಗಳು. ಬಸವೇಶ್ವರನಗರದಲ್ಲಿ ಆಗಿನ್ನೂ ಎಷ್ಟೋ ಸೈಟುಗಳು ಖಾಲಿ ಬಿದ್ದಿದ್ದವು. ನಾನು ಪಾಠ ಹೇಳುತ್ತಿದ್ದ ನರ್ಸರಿ ಒಂದು ಮನೆಯ ಗ್ಯಾರೇಜಿನಲ್ಲಿ ನಡೆಯುತ್ತಿತ್ತು. ಮಗುವನ್ನು ಕರೆದುಕೊಂಡು ಹೋಗಲು ಹೊಸಬರು ಬಂದರೆ ಹೆಸರು ಕೇಳದೆ ನಾನು ಬಿಡುತ್ತಿರಲಿಲ್ಲ. ತನ್ನ ಅಕ್ಕನ ಮಗಳು ಶೋಭಾಳಿಗಾಗಿ ಬಂದಿದ್ದ ಅವನು, ಗ್ರೀಸ್ ಮೆತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಮಾಮ ಅಂತ ಬರ್ಕೊಳ್ಳಿ ಮಿಸ್" ಎಂದ.

"ಎಲ್ಲಾರೂ ಯಾರಿಗೋ ಒಬ್ರಿಗೆ ಮಾಮನೇ. ಹೆಸರು ಹೇಳಿ."

"ನಗಬಾರ್ದು."

"ನಗಲ್ಲ."

"ತಿಪ್ಪಯ್ಯ."

ನಾನು ನಗಲಿಲ್ಲ. ನಗುತ್ತೇನೋ ಎಂದು ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ನೋಡುವ ಅಗತ್ಯವಿರಲಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವನು ಶೋಭಾಳ ಚೀಲ ಎತ್ತಿಕೊಂಡು, ನೀರಿನ ಬಾಟಲಿ ಮರೆತು ಹೋದ. ಅದನ್ನು ತೆಗೆದುಕೊಳ್ಳಲು ಮತ್ತೆ ಬಂದ. ಆಗ ಮಾತ್ರ ನಾನು ನಕ್ಕೆ.

ಆಮೇಲೆ ಸೆಕೆಂಡ್ ಶಿಫ್ಟ್ ಇದ್ದಾಗಲೆಲ್ಲ ಅವನೇ ಬರುತ್ತಿದ್ದ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಾತಿನಲ್ಲಿ ತುಂಟ, ನಡತೆಯಲ್ಲಿ ನಾಚಿಕೆಯವನು. ನಾನು ಸರ್ವಮಂಗಳ ಎಂದಾಗ, ಇಷ್ಟು ಉದ್ದದ ಹೆಸರಿಗೆ ಎರಡು ಸೀಟ್ ಟಿಕೆಟ್ ತಗೋಬೇಕಲ್ವಾ ಎಂದು ಕೀಟಲೆ ಮಾಡಿದ್ದ. ತನ್ನದು ನಾಯಕನಹಟ್ಟಿ ಸ್ವಾಮಿಯ ಹೆಸರು, ಚಿತ್ರದುರ್ಗದ ಕಡೆ ಕೂಗಿದರೆ ಬೀದಿಗೊಬ್ಬ ತಿಪ್ಪೇಸ್ವಾಮಿ ಓಗೊಡುತ್ತಾನೆ ಎಂದು ಜಂಭ ಕೊಚ್ಚಿದ್ದ. ಇಲ್ಲೇ ಪಕ್ಕದ ಸಾಣೇಗುರುವನಹಳ್ಳಿಯಲ್ಲಿ ಹುಟ್ಟಿದವರಿಗೆ ಆ ಕಡೆಯ ಹೆಸರು ಹೇಗೆ ಬಂತು ಎಂದು ಕೇಳಿದೆ. ಅವನ ನಗು ಆರಿತು. ಮತ್ತೆ ಬಾಗಿಲ ಕಡೆ ನೋಡಿದ.

ಆ ನೋಟ ನನಗೆ ಅಂಟಿಕೊಂಡಿತು. ನಾನು ಮೊದಲೇ ಹೆದರುವ ಸ್ವಭಾವದವಳು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವವಳು.

ಕಾರಣ ತಿಳಿದದ್ದು ಅವನ ತಾಯಿಯಿಂದ. ಶೋಭಾಳಿಗೆ ಜ್ವರವೆಂದು ನೋಡಲು ಹೋಗಿದ್ದೆ. ಚಿಕ್ಕಗಂಗಮ್ಮ ಸಣ್ಣ ಆಳು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಒಳಗಿರುವಾಗಲೂ ಆಗಾಗ ಹೆಸರು ಹಿಡಿದು ಕೂಗಿ, ಓಗೊಟ್ಟ ಮೇಲೆ ಸುಮ್ಮನಾಗುತ್ತಿದ್ದರು.

"ಇವನಿಗಿಂತ ಮುಂಚೆ ಮೂರು ಗಂಡುಮಕ್ಳು ಕಣವ್ವಾ" ಎಂದರು. "ರಾಜಶೇಖರ, ಚೆಲುವರಾಜ, ಚಿನ್ನಸ್ವಾಮಿ. ಒಳ್ಳೊಳ್ಳೇ ಹೆಸರೇ ಇಟ್ಟಿದ್ದೆ. ಒಂದೂ ಉಳೀಲಿಲ್ಲ. ಒಳ್ಳೇ ಹೆಸರು ಕಿವಿಗೆ ಬಿದ್ರೆ ಅದಕ್ಕೂ ಆಸೆ ಆಯ್ತದೆ."

ಅದು ಎಂದರೆ ಯಾವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೆಯ ಗಂಡು ಹುಟ್ಟಿದ ಬೆಳಗ್ಗೆ ಮಗುವನ್ನು ಮೊರದಲ್ಲಿ ಹಾಕಿ, ಊರ ತಿಪ್ಪೆಯ ಮೇಲಿಟ್ಟು ಬಂದರಂತೆ. ಇದು ನನ್ನ ಮಗುವಲ್ಲ, ಯಾರೋ ಎಸೆದ ಕಸ ಎಂದು ಗಟ್ಟಿಯಾಗಿ ಹೇಳಿ ಬಂದರಂತೆ. ಕಸಕ್ಕೆ ಯಾರು ಆಸೆಪಡುತ್ತಾರೆ? ಪಕ್ಕದ ಮನೆಯವಳು ಎತ್ತಿಕೊಂಡು ಬಂದದ್ದನ್ನು ಇವರು ಒಂದು ಹಿಡಿ ತೌಡಿಗೆ ಕೊಂಡುಕೊಂಡರಂತೆ. ಮಗು ಬದುಕಿತು. ತಿಪ್ಪೆಯಿಂದ ಬಂದದ್ದಕ್ಕೆ ತಿಪ್ಪಯ್ಯನಾಯಿತು.

ಹೊರಗೆ ಬಂದಾಗ ಅವನು ಗೇಟಿನ ಹತ್ತಿರ ನಿಂತಿದ್ದ. "ಕೇಳಿದ್ರಾ ನನ್ನ ಜಾತಕ?" ಎಂದ. ಕಸ ಅಂತ ಗೊತ್ತಾದ ಮೇಲೂ ನಾಳೆ ಮಾತಾಡಿಸ್ತೀರಾ ಎಂದು ಕೇಳಿದ. ಧ್ವನಿಯಲ್ಲಿ ತಮಾಷೆ ಇತ್ತು, ಕಣ್ಣಲ್ಲಿರಲಿಲ್ಲ. ಮಾತಾಡಿಸುತ್ತೇನೆ ಎಂದೆ. ಅಂದು ಬಸ್‌ಸ್ಟಾಪಿನವರೆಗೂ ನನ್ನ ಪಕ್ಕದಲ್ಲೇ ನಡೆದು ಬಂದ. ನಮ್ಮ ನೆರಳುಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಾವು ಮಾತ್ರ ಒಂದು ಗೇಣು ದೂರ ಬಿಟ್ಟೇ ನಡೆದೆವು.

ನಮ್ಮಪ್ಪ ಹನುಮಂತಯ್ಯನವರು ಕಚೇರಿಯೊಂದರಲ್ಲಿ ಗುಮಾಸ್ತರು. ಹುಡುಗ ಒಳ್ಳೆಯವನು, ನಮ್ಮವರೇ, ಪರ್ಮನೆಂಟ್ ಕೆಲಸ ಎಂದು ಮದುವೆಗೆ ಒಪ್ಪಿದರು. ಹೆಸರಿಗೆ ಮಾತ್ರ ಒಪ್ಪಲಿಲ್ಲ. ಲಗ್ನಪತ್ರಿಕೆಯಲ್ಲಿ ಇದನ್ನು ಅಚ್ಚು ಹಾಕಿಸಿದರೆ ಆಫೀಸಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದರು. ರವಿಕುಮಾರ್ ಎಂಬುದನ್ನು ಸೂಚಿಸಿದವರೂ ಅವರೇ. ಯಾರ ಮನೆಯಲ್ಲಿ ನೋಡಿದರೂ ಒಬ್ಬ ರವಿ ಇದ್ದಾನೆ, ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಅವರ ವಾದ.

ಬೇಡ ಎಂದು ನಾನು ಅಪ್ಪನಿಗೂ ಹೇಳಿದೆ, ಅವನಿಗೂ ಹೇಳಿದೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ಆದರೂ ಬೇಡ ಎಂದೆ.

"ನಂಬಿಕೆ ಇಲ್ದೇ ಇದ್ರೆ ಭಯ ಯಾಕೆ?" ಎಂದ ಅವನು.

"ಭಯಕ್ಕೆ ನಂಬಿಕೆ ಬೇಕಾಗಲ್ಲ."

ಅವನು ನನ್ನ ಕೆನ್ನೆಗೆ ಅಂಟಿದ್ದ ಸೀಮೆಸುಣ್ಣದ ಪುಡಿಯನ್ನು ನೋಡಿದ. ಒರೆಸಲು ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿದ. "ನಿಮ್ಮನ್ನ ಕೊಡ್ತಾರೆ ಅಂದ್ರೆ ಹೆಸರು ಯಾವ್ದಾದ್ರೇನು" ಎಂದ.

ಅಫಿಡವಿಟ್ ಆಯಿತು. ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಕಾರ್ಖಾನೆಯ ಹಾಜರಿಯಲ್ಲೂ ಹೆಸರು ಬದಲಾಯಿತು. ಅಲ್ಲಿ ಮೊದಲೇ ಇನ್ನೊಬ್ಬ ರವಿಕುಮಾರ್ ಇದ್ದ, ನಾಯಂಡಹಳ್ಳಿಯವನು. ಇವನಿಗಿಂತ ಎತ್ತರ, ಇಸ್ಪೀಟಿನಲ್ಲಿ ಜಾಣ. ಇಬ್ಬರೂ ಒಂದೇ ತಟ್ಟೆಯಲ್ಲಿ ಬೋಂಡಾ ತಿನ್ನುವಷ್ಟು ಸ್ನೇಹ. "ಹೆಸರಿಗೆ ಬಾಡಿಗೆ ಕೊಡು ಮಗಾ" ಎಂದು ದಿನಾ ಕಾಡುತ್ತಾನೆ ಎಂದು ಇವನು ನಗುತ್ತಿದ್ದ.

ಚಿಕ್ಕಗಂಗಮ್ಮ ಜಗಳವಾಡಲಿಲ್ಲ. ಕೂಗುವುದನ್ನು ನಿಲ್ಲಿಸಿದರು. ಹಳೆಯ ಹೆಸರು ಹಿಡಿಯಬಾರದು, ಹೊಸದು ಬಾಯಿಗೆ ಬರದು. ಮಗ ಮನೆಯಲ್ಲಿದ್ದರೂ ಆ ಮನೆ ಯಾರೂ ಇಲ್ಲದಂತೆ ಸದ್ದಿಲ್ಲದಾಯಿತು. ಅಲ್ಲಿಗೆ ಹೋದಾಗಲೆಲ್ಲ ನನ್ನ ಕಿವಿ ಬೀದಿಯ ಕಡೆಗೇ ಇರುತ್ತಿತ್ತು.

ಮದುವೆಗೆ ಇನ್ನು ಕೆಲವೇ ವಾರ ಇದ್ದವು. ಅಂದು ಸಂಜೆ ಸೀರೆಗೆ ಕುಚ್ಚು ಕಟ್ಟಿಸುವ ಮಾತಿಗೆಂದು ಅವರ ಮನೆಗೆ ಹೋಗಿದ್ದೆ. ಬೀದಿಯ ಕೊನೆಯ ಅಂಗಡಿಯ ಜಗನ್ನಾಥ ಚಪ್ಪಲಿಯಿಲ್ಲದೆ ಓಡಿ ಬಂದ. ಆ ಬೀದಿಗೆಲ್ಲ ಫೋನ್ ಇದ್ದದ್ದು ಅವನ ಅಂಗಡಿಯಲ್ಲಿ ಮಾತ್ರ.

"ಫ್ಯಾಕ್ಟರಿಯಿಂದ ಫೋನ್ ಬಂತು ಕಣಮ್ಮ" ಎಂದ. "ರವಿಕುಮಾರ್ ಹೋಗ್ಬಿಟ್ನಂತೆ."

ಚಿಕ್ಕಗಂಗಮ್ಮ ಅಳಲಿಲ್ಲ. ಕೈಯಲ್ಲಿದ್ದ ಅಕ್ಕಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದರು. ನಾನು ಗೋಡೆ ಹಿಡಿದುಕೊಂಡು ನಿಂತೆ. ಅವನು ಒರೆಸದೆ ಬಿಟ್ಟ ಕೆನ್ನೆಯ ಆ ಜಾಗ ಉರಿಯುತ್ತಿತ್ತು. ಅಪ್ಪನಿಗೆ ಯಾರೋ ಹೇಳಿ ಕಳಿಸಿದರು. ಜನ ಸೇರಿದರು. ಆಸ್ಪತ್ರೆಗೆ ಹೋಗಲು ಆಟೋ ತರಲು ಹೋದವರು ಇನ್ನೂ ಬಂದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನೇ ನಡೆದು ಬಂದ. ಅಂಗಿಯ ತುಂಬ ರಕ್ತ. ಅವನದಲ್ಲ.

ಜನ ಹಿಂದಕ್ಕೆ ಸರಿದರು. ಸತ್ತದ್ದು ನಾಯಂಡಹಳ್ಳಿಯ ರವಿಕುಮಾರ್. ಆಫೀಸಿನವರು ಹೆಸರು ನೋಡಿ, ಸಿಕ್ಕಿದ ನಂಬರಿಗೆ ಫೋನ್ ಮಾಡಿದ್ದರು.

ಅವನು ನನ್ನ ಕಡೆ ನೋಡಿ, ನನಗೊಬ್ಬಳಿಗೇ ಎನ್ನುವಂತೆ ಹೇಳಿದ. "ಚೈನಲ್ಲಿ ಕಬ್ಬಿಣದ ಅಚ್ಚು ಇಳಿಸ್ತಾ ಇದ್ರು. ಇಬ್ರೂ ಅಕ್ಕಪಕ್ಕ ನಿಂತಿದ್ವಿ. ಯಾರೋ ರವೀ ಅಂತ ಕೂಗಿದ್ರು. ಅವನು ತಿರುಗಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಸೀದಾ ಅಚ್ಚಿನ ಅಡಿಗೆ. ನಾನು ತಿರುಗ್ಲಿಲ್ಲ. ನನ್ಗೆ ಆ ಹೆಸರು ಇನ್ನೂ ಅಭ್ಯಾಸ ಆಗಿರ್ಲಿಲ್ಲ ಮಂಗಳಾ."

"ಕೂಗಿದ್ದು ಯಾರು?"

"ಎಲ್ಲಾರ್ನೂ ಕೇಳಿದೆ. ಯಾರೂ ಕೂಗಿಲ್ವಂತೆ."

ಅವನು ಹೊಸ್ತಿಲು ದಾಟಲು ಬಂದಾಗ ಚಿಕ್ಕಗಂಗಮ್ಮ ಕೈ ಅಡ್ಡ ಹಿಡಿದರು. ಆ ಹೆಸರು ಹೊತ್ತುಕೊಂಡು ಒಳಗೆ ಬರಬೇಡ, ಕೂಗಿದ್ದು ಇನ್ನೂ ಬೀದಿಯಲ್ಲೇ ಇದೆ ಎಂದರು. ಮಗನ ತೋಳು ಹಿಡಿದು ಬೀದಿಯ ಮೂಲೆಗೆ ನಡೆಸಿಕೊಂಡು ಹೋದರು. ಊರ ತಿಪ್ಪೆ ಇದ್ದ ಜಾಗದಲ್ಲಿ ಈಗ ಕಾರ್ಪೊರೇಷನ್ನಿನ ಸಿಮೆಂಟು ಕಸದ ತೊಟ್ಟಿ ಇತ್ತು. ಡಿಪ್ಲೊಮಾ ಓದಿದ, ಯೂನಿಯನ್ನಿನಲ್ಲಿ ಭಾಷಣ ಮಾಡುವ ಆ ಗಂಡಸು, ತಾಯಿ ತೋರಿಸಿದಲ್ಲಿ, ತೊಟ್ಟಿಯ ಪಕ್ಕ ನೆಲದ ಮೇಲೆ ಕುಳಿತ.

"ಇದು ನನ್ನ ಮಗ ಅಲ್ಲ" ಎಂದರು ಚಿಕ್ಕಗಂಗಮ್ಮ, ಬೀದಿಗೆಲ್ಲ ಕೇಳಿಸುವಂತೆ. "ಯಾರೋ ಎಸೆದ ಕಸ."

ಇನ್ನು ಬೇರೆ ಮನೆಯ ಹೆಂಗಸು ಬಂದು ಅವನನ್ನು ಎತ್ತಿಕೊಳ್ಳಬೇಕಿತ್ತು. ಆಮೇಲೆ ಒಂದು ಹಿಡಿ ತೌಡು ಕೊಟ್ಟು ತಾಯಿ ಕೊಂಡುಕೊಳ್ಳಬೇಕು, ಹಾಗಾದರೆ ಮಾತ್ರ ಹಳೆಯ ಹೆಸರು ಮತ್ತೆ ಹಿಡಿಯುತ್ತದೆ. ಅವನು ಹುಟ್ಟಿದಾಗ ಎತ್ತಿಕೊಂಡಿದ್ದವಳು ಪಕ್ಕದ ಮನೆಯ ಪಾಪಮ್ಮ. ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ. ಅದು ಬೀದಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಒಬ್ಬರೂ ಮುಂದೆ ಬರಲಿಲ್ಲ. ಒಬ್ಬಾಕೆ ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಬೇಡ ಎಂಬಂತೆ ತಲೆಯಾಡಿಸಿದ.

ಅಷ್ಟರಲ್ಲಿ ಬಂದಿದ್ದ ಅಪ್ಪ ನನ್ನ ಹೆಸರು ಹಿಡಿದು ಕರೆದರು. ಸುತ್ತ ನಿಂತವರ ನಡುವೆ ದಾರಿ ಮಾಡಿಕೊಂಡು ಹೋದೆ. ಅವನ ಎರಡೂ ಕೈಗಳನ್ನು ಹಿಡಿದೆ. ಅವನನ್ನು ಮುಟ್ಟಿದ್ದು ಅದೇ ಮೊದಲು. ಕೈ ತಣ್ಣಗಿತ್ತು, ಒಣಗಿದ ರಕ್ತ ಅಂಗೈಗೆ ತರಿತರಿಯಾಗಿ ತಾಗಿತು.

"ಏಳಿ ತಿಪ್ಪಯ್ಯ" ಎಂದೆ.

ಅವನು ಎದ್ದ. ಎದ್ದ ಮೇಲೂ ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಪ್ಪ ಏನೋ ಹೇಳಲು ಹೊರಟು, ನನ್ನ ಮುಖ ನೋಡಿ, ಕನ್ನಡಕ ತೆಗೆದು ಒರೆಸತೊಡಗಿದರು. ಚಿಕ್ಕಗಂಗಮ್ಮ ಮೊರದಲ್ಲಿ ತೌಡು ತಂದು ನನ್ನ ಮುಂದೆ ಹಿಡಿದರು.

"ತಗೊಳ್ಳವ್ವಾ. ನಂಗೆ ಮಾರ್ಬಿಡು."

"ಮಾರಲ್ಲ" ಎಂದೆ. "ನಾನು ಎತ್ಕೊಂಡಿದ್ದು. ಯಾರಿಗೂ ಕೊಡಲ್ಲ."

ಅವರು ಮೊರವನ್ನು ಎದೆಗೆ ಒತ್ತಿಕೊಂಡು ಮೊದಲ ಸಲ ಅತ್ತರು. ಸೊಸೆ ತಮಗೆ ಉತ್ತರ ಕೊಟ್ಟಳು ಎಂದುಕೊಂಡರೇನೋ. ನಾನು ನೋಡುತ್ತಿದ್ದದ್ದು ಅವರ ಹೆಗಲಾಚೆ, ಬೀದಿದೀಪ ಇನ್ನೂ ಹತ್ತದ ಖಾಲಿ ಸೈಟುಗಳ ಕಡೆ.